ಬಾಯೊಳಗೆ ನೋಡದೆ ದವಡೆಗೆ ಮೆಷಿನ್ ಇಡುವವರ ಹತ್ತಿರ ಹೋಗಬೇಡಿ

ದವಡೆ ನೋವು, ಬಾಯಿ ಪೂರ್ತಿ ತೆರೆಯೋಕೆ ಆಗ್ತಿಲ್ಲ ಅಂತ ಹೋದವರನ್ನು ಮಲಗಿಸಿ, ಬಾಯೊಳಗೆ ಒಮ್ಮೆಯೂ ಟಾರ್ಚ್ ಬಿಟ್ಟು ನೋಡದೆ ಕೆನ್ನೆಗೆ ಮೆಷಿನ್ ಇಡುತ್ತಾರೆ ಅಂತಾದರೆ ದಯವಿಟ್ಟು ಎದ್ದು ಬನ್ನಿ. ದುಡ್ಡು ಕಟ್ಟಿದ್ದರೂ ಎದ್ದು ಬನ್ನಿ. ನಮ್ಮ ಭಾವನಿಗೆ ಆಗಿದ್ದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸರು ಒಂದು ಬಿಟ್ಟು ಎಲ್ಲಾ ಬರಿ, ಗಾಡಿ ಓಡಿಸೋ ಹುಡುಗರು ಓದಲಿ" ಅಂದರು.

ಭಾವ ಚನ್ನಗಿರಿ ಸೀಮೆಯವರು. ಗೂಡ್ಸ್ ಗಾಡಿ ಓಡಿಸುತ್ತಾರೆ. ಸೀಸನ್‌ನಲ್ಲಿ ಅಡಿಕೆ ಮೂಟೆ, ಮಿಕ್ಕಂತೆ ಸಿಮೆಂಟ್, ಗೊಬ್ಬರ, ಯಾವ ಬಾಡಿಗೆ ಸಿಕ್ಕರೂ ಸರಿ. ರಾತ್ರಿ ಗಾಡಿ ಓಡಿಸುವವರು ನಿದ್ದೆ ತಡೆಯೋಕೆ ಬಾಯಿಗೆ ಏನಾದರೂ ಹಾಕಿಕೊಳ್ಳುತ್ತಾರಲ್ವಾ, ಇವರೂ ಹಾಗೇ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಜೋಡಿಯಾಗಿ ಮಾರೋಕೆ ಶುರು ಮಾಡಿದರು. ಭಾವ ತಂಬಾಕಿನ ಪೊಟ್ಟಣ ಮುಟ್ಟುತ್ತಿರಲಿಲ್ಲ. ಬರೀ ಅಡಿಕೆ ಮತ್ತು ಪಾನ್ ಮಸಾಲಾ. ತಂಬಾಕು ಇಲ್ಲವಲ್ಲ, ಏನೂ ಆಗಲ್ಲ ಅನ್ನೋ ಧೈರ್ಯ ಅವರದು. ಆ ಕಡೆ ಬಹಳ ಜನರ ಧೈರ್ಯವೂ ಅದೇ.

ಮೊದಲು ಕುತ್ತಿಗೆ, ಭುಜ ಹಿಡಿದುಕೊಂಡಿತು. ಸ್ಟೇರಿಂಗ್ ಹಿಡಿದು ಹಿಡಿದು ಹಾಗಾಗಿದೆ ಅಂದುಕೊಂಡರು. ಆಮೇಲೆ ಕೆನ್ನೆ ಬಿಗಿಯಾಯಿತು. ಆಕಳಿಸಿದರೆ ಕಿವಿ ಹತ್ತಿರ ನೋವು. ಮುದ್ದೆ ತುತ್ತು ಮೊದಲಿನ ಗಾತ್ರದ್ದು ಬಾಯಿಗೆ ಹೋಗುತ್ತಿರಲಿಲ್ಲ, ಬೆರಳ ತುದಿಯಲ್ಲಿ ಚಿಕ್ಕದಾಗಿ ಮುರಿದು ತಿನ್ನುತ್ತಿದ್ದರು. ಇನ್ನೊಂದು ವಿಷಯ ನಮಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಅಕ್ಕ ಎಷ್ಟೋ ತಿಂಗಳಿಂದ ಅವರಿಗೆ ಬೇರೆ ಸಾರು ಮಾಡುತ್ತಿದ್ದಳು. ಒಲೆ ಮೇಲೆ ಎರಡು ಪಾತ್ರೆ, ಒಂದಕ್ಕೆ ಖಾರದಪುಡಿ, ಇನ್ನೊಂದಕ್ಕೆ ಇಲ್ಲ. ಸ್ವಲ್ಪ ಖಾರ ತಾಗಿದರೂ ಭಾವನಿಗೆ ಬಾಯೆಲ್ಲ ಉರಿ. ಹೊಟ್ಟೆ ಉಷ್ಣ ಅಂತ ಮಜ್ಜಿಗೆ ಕುಡಿಸುತ್ತಿದ್ದಳು ಪಾಪ.

ಹತ್ತಿರದ ಪಟ್ಟಣದ ಮುಖ್ಯರಸ್ತೆಯಲ್ಲಿ ಒಂದು ನೋವಿನ ಕ್ಲಿನಿಕ್ ಇದೆ. ಮಂಡಿ, ಸೊಂಟ, ಕುತ್ತಿಗೆ, ದವಡೆ, ಎಲ್ಲಕ್ಕೂ ಆಪರೇಷನ್ ಇಲ್ಲದೆ ಪರಿಹಾರ ಅಂತ ಬೋರ್ಡು. ಒಳಗೆ ಬಿಳಿ ಕೋಟ್ ಹಾಕಿದ ಒಬ್ಬರು ಭಾವನ ಕೆನ್ನೆ ಮುಟ್ಟಿ, "ಬಾಯಿ ತೆಗೀರಿ" ಅಂದರಂತೆ. ಇವರು ತೆಗೆದಷ್ಟು ತೆಗೆದರು. "ಕೀಲು ಜಾಮ್ ಆಗಿದೆ, ಫ್ರೀ ಮಾಡೋಣ" ಅಂತ ಅಲ್ಲೇ ತೀರ್ಮಾನ. ಏನು ತಿನ್ನುತ್ತೀರಿ, ಖಾರ ತಡೆಯುತ್ತಾ, ಎಷ್ಟು ದಿನದಿಂದ ಹೀಗೆ, ಒಂದನ್ನೂ ಕೇಳಲಿಲ್ಲ. ಕುತ್ತಿಗೆ, ಭುಜ, ದವಡೆ ಮೂರೂ ಸೇರಿಸಿ ಒಂದು ಪ್ಯಾಕೇಜು, ದುಡ್ಡು ಮೊದಲೇ ಕಟ್ಟಬೇಕು, ಕಟ್ಟಿದರೆ ಡಿಸ್ಕೌಂಟ್. ಅಕ್ಕ ಸಂಘದಿಂದ ಸಾಲ ತೆಗೆದು ಕೊಟ್ಟಳು. ರಸೀದಿ ಅಂತ ಕೊಟ್ಟದ್ದು ಒಂದು ಹಳದಿ ಚೀಟಿ. ಅದರಲ್ಲಿ ಮೊತ್ತ ಬಿಟ್ಟರೆ ಏನೂ ಇಲ್ಲ. ರಿಜಿಸ್ಟ್ರೇಷನ್ ನಂಬರೂ ಇಲ್ಲ, ಸಹಿ ಮಾಡಿದವರ ಹೆಸರೂ ಇಲ್ಲ.

ದಿನಾ ಹೋದರೆ ಕುತ್ತಿಗೆಗೆ ಐಎಫ್‌ಟಿ, ಅಂದರೆ ನಮ್ಮ ಜನ ಕರೆಂಟ್ ಕೊಡೋದು ಅಂತಾರಲ್ಲ ಅದು. ಕೆನ್ನೆಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್, ಸ್ಕ್ಯಾನಿಂಗ್ ಅಲ್ಲ, ನೋವಿಗೆ ಅಂತ ಇಡುವ ಮೆಷಿನ್. ಮೆಷಿನ್ ಹಚ್ಚಿ ಒಬ್ಬ ಹುಡುಗ ಮೊಬೈಲ್ ಹಿಡಿದು ಹೊರಗೆ ಹೋಗುತ್ತಿದ್ದ, ಅದು ಕುಂಯ್ ಅಂದಾಗ ಬಂದು ತೆಗೆಯುತ್ತಿದ್ದ. ಅದನ್ನು ನಾನೇ ಒಂದು ದಿನ ಜೊತೆಗೆ ಹೋಗಿ ನೋಡಿದೆ. ಮನೆಯಲ್ಲಿ ಮಾಡೋಕೆ ಒಂದು ವ್ಯಾಯಾಮ ಹೇಳಿಕೊಡಲಿಲ್ಲ. ಬಾಯಿ ಎಷ್ಟು ತೆರೆಯುತ್ತಿದೆ ಅಂತ ಅಳೆಯಲಿಲ್ಲ. ಅಳೆಯದೆ ಗುಣ ಆಗುತ್ತಿದೆಯೋ ಇಲ್ಲವೋ ಅಂತ ಯಾರಿಗೆ ಗೊತ್ತಾಗಬೇಕು ಹೇಳಿ.

ಬಾಯಿ ಇನ್ನೂ ಬಿಗಿಯುತ್ತಾ ಹೋಯಿತು. ಆಗ ಆ ಬಿಳಿ ಕೋಟಿನವರು ಗ್ಲೌಸ್ ಹಾಕಿಕೊಂಡು ಎರಡೂ ಹೆಬ್ಬೆರಳನ್ನು ಒಳಗೆ ತೂರಿಸಿ, ಜೋರಾಗಿ ಬಾಯಿ ಅಗಲಿಸಿದರು. ಹುಡುಗ ಹಿಂದಿನಿಂದ ತಲೆ ಹಿಡಿದುಕೊಂಡಿದ್ದ. ಭಾವ ಎಂಥ ನೋವಿಗೂ ಮುಖ ಕಿವುಚುವವರಲ್ಲ, ಅವತ್ತು ಕಿರುಚಿದರು. ಒಳಗೆ ಕೆನ್ನೆ ಹರಿದು ರಕ್ತ ಬಂತು. "ಬ್ಲಾಕ್ ಓಪನ್ ಆಗುವಾಗ ಇದೆಲ್ಲಾ ಇದ್ದದ್ದೇ" ಅಂತ ಹತ್ತಿ ಕೊಟ್ಟು ಕಳಿಸಿದರು. ಗಾಯ ಕೀವಾಯಿತು. ಗಂಜಿ ಕುಡಿಯೋಕೂ ಕಷ್ಟ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಲ್ಲಿಂದ ಸೀದಾ ದಾವಣಗೆರೆಯ ಒಂದು ದಂತ ಕಾಲೇಜಿಗೆ ಕರೆದುಕೊಂಡು ಹೋದೆವು. ಓರಲ್ ಮೆಡಿಸಿನ್ ಅಂತ ಒಂದು ವಿಭಾಗ ಇರುತ್ತದೆ, ಬಾಯಿ ಮತ್ತು ದವಡೆಯ ಕಾಯಿಲೆ ನೋಡುವವರು ಅವರೇ. ಓದುತ್ತಿದ್ದ ಹುಡುಗಿಯೊಬ್ಬಳು ಮೊದಲು ಕೇಳಿದ್ದೇ, "ಅಣ್ಣ, ಖಾರ ತಡೆಯುತ್ತಾ?" ಅಂತ. ಆಮೇಲೆ ಲೈಟ್ ಹಾಕಿ ಕೆನ್ನೆಯನ್ನು ಕನ್ನಡಿಯಿಂದ ಸರಿಸಿ ನಮಗೂ ತೋರಿಸಿದಳು. ಒಳಗಿನ ಚರ್ಮ ಗುಲಾಬಿ ಬಣ್ಣ ಕಳೆದುಕೊಂಡು ಬೆಳ್ಳಗೆ ಬಿಳಿಚಿತ್ತು. ಬೆರಳಿಂದ ಒತ್ತಿದರೆ ಮೇಲಿಂದ ಕೆಳಗೆ ಹಗ್ಗ ಎಳೆದು ಕಟ್ಟಿದ ಹಾಗೆ ಗಟ್ಟಿ ಪಟ್ಟಿ ಸಿಗುತ್ತಿತ್ತು. ಸ್ಕೇಲ್ ಇಟ್ಟು ಅಳೆದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ 18 ಮಿಲಿಮೀಟರ್. ದೊಡ್ಡವರಿಗೆ ಸಾಮಾನ್ಯವಾಗಿ 40ಕ್ಕೆ ಕಡಿಮೆ ಇರಬಾರದು.

ಇದರ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿ ಅರೆಕೋಲಿನ್ ಅನ್ನೋ ಅಂಶ ಇದೆ. ವರ್ಷಗಟ್ಟಲೆ ಜಗಿದರೆ ಬಾಯೊಳಗಿನ ಮೆತ್ತನೆ ಚರ್ಮದ ಕೆಳಗೆ ನಾರು ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಮೊದಲು ಖಾರಕ್ಕೆ ಉರಿ, ಆಮೇಲೆ ಬಿಗಿತ, ಆಮೇಲೆ ಬಾಯಿ ತೆರೆಯದು. ತಂಬಾಕು ಬೇಕಾಗಿಲ್ಲ, ಅಡಿಕೆ ಒಂದೇ ಸಾಕು. ಕೆಲವರಲ್ಲಿ ಇದು ಮುಂದೆ ಕ್ಯಾನ್ಸರ್‌ಗೆ ತಿರುಗುತ್ತದೆ. ನಮ್ಮ ಸೀಮೆಯಲ್ಲಿ ಈ ಮಾತು ಎತ್ತಿದರೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ಅಕ್ಕನ ಮನೆಯ ಅನ್ನವೂ ಅಡಿಕೆಯಿಂದಲೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಯ ಮೇಲಿನ ಪ್ರೀತಿಗೆ ಬಾಯೊಳಗಿನ ಬಿಳಿಚಿದ ಚರ್ಮವನ್ನು ಮುಚ್ಚಿಡೋಕೆ ಆಗಲ್ಲ.

ಭಾವನಿಗೆ ಒಂದು ಕಡೆ ಬಿಳಿ ಮಚ್ಚೆ ಇತ್ತು. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರೋವರೆಗೂ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕ್ಯಾನ್ಸರ್ ಅಲ್ಲ, ಆದರೆ ಬಿಡದೆ ತೋರಿಸಿಕೊಳ್ಳುತ್ತಿರಬೇಕು ಅಂದರು. ಕ್ಯಾನ್ಸರ್ ಅನುಮಾನ ಇರುವ ಜಾಗಕ್ಕೆ ನೋವಿನ ಆ ಅಲ್ಟ್ರಾಸೌಂಡ್ ಮೆಷಿನ್ ಇಡಬಾರದು ಅನ್ನೋದು ಫಿಸಿಯೋಥೆರಪಿ ಓದಿದವರಿಗೆಲ್ಲಾ ಗೊತ್ತಿರುವ ಮಾತು. ಅಲ್ಲಿ ಅನುಮಾನ ಪಡೋಕಾದರೂ ಬಾಯೊಳಗೆ ನೋಡಬೇಕಿತ್ತಲ್ವಾ?

ಇದನ್ನು ಓದಿ ಫಿಸಿಯೋಥೆರಪಿಯೇ ಮೋಸ ಅಂತ ಯಾರೂ ಅಂದುಕೊಳ್ಳಬೇಡಿ. ಈಗ ಭಾವನ ಬಾಯಿ ಸ್ವಲ್ಪ ಸ್ವಲ್ಪ ತೆರೆಯುತ್ತಿರೋದು ಫಿಸಿಯೋಥೆರಪಿಯಿಂದಲೂ ಹೌದು. ಡಾಕ್ಟರು ಕೆನ್ನೆಯೊಳಗೆ ಇಂಜೆಕ್ಷನ್ ಕೊಡುತ್ತಾರೆ, ಅಡಿಕೆ ಪೂರ್ತಿ ಬಿಡಿಸಿದ್ದಾರೆ, ಮಿಕ್ಕದ್ದು ವ್ಯಾಯಾಮ. ಕಾಲೇಜಿನವರು ಹೇಳಿ ಕಳಿಸಿದ ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ ಮೊದಲ ದಿನ ಮೆಷಿನ್ ಕಡೆ ಕೈಯೇ ಹಾಕಲಿಲ್ಲ. ಗಾಯ ಮಾಯುವ ತನಕ ಕಾಯಿಸಿದರು. ಆಮೇಲೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟುಕೊಳ್ಳೋದು ಹೇಳಿಕೊಟ್ಟರು. ಎಳೆದ ಹಾಗೆ ಅನ್ನಿಸಬೇಕು, ಹರಿದ ಹಾಗೆ ಅನ್ನಿಸಬಾರದು. ಸಲೀಸಾದ ಮೇಲೆ ಇನ್ನೊಂದು ಕಡ್ಡಿ. ಪ್ರತಿ ಸಲ ಹೋದಾಗಲೂ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಕುತ್ತಿಗೆ ನೋವಿಗೆ ಗಾಡಿಯ ಸೀಟು ಮುಂದೆ ಮಾಡಿಸಿ, ಭುಜಕ್ಕೆ ವ್ಯಾಯಾಮ ಕೊಟ್ಟರು, ಅದೂ ಎಷ್ಟೋ ಇಳಿದಿದೆ. ಬಂದ ದಿನದ ದುಡ್ಡು ಬಂದ ದಿನ. ಪ್ಯಾಕೇಜಿನ ಮಾತೇ ಇಲ್ಲ.

ಎಲ್ಲರ ದವಡೆ ನೋವೂ ಅಡಿಕೆಯಿಂದ ಬರೋದಿಲ್ಲ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಒಳಗೆ ಜಾರಿದ ಹಾಗೆ ತಿಳಿಯುತ್ತದಲ್ಲ, ಅದೇ ದವಡೆ ಕೀಲು. ಟಿಎಂಜೆ ಅಂತಾರೆ. ಬಹಳ ಜನಕ್ಕೆ ನೋಯೋದು ಆ ಕೀಲು ಮತ್ತು ಕೆನ್ನೆಯ ಮಾಂಸಖಂಡ. ನಿದ್ದೆಯಲ್ಲಿ ಹಲ್ಲು ಕಡಿಯೋದು, ಟೆನ್ಷನ್‌ನಲ್ಲಿ ಹಲ್ಲು ಕಚ್ಚಿಕೊಂಡೇ ಇರೋದು, ಇವೆಲ್ಲ ಅದನ್ನು ಜಾಸ್ತಿ ಮಾಡುತ್ತವೆ. ಸುಮ್ನೆ ಕೂತಾಗ ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗಿರಬಾರದು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನೋವಿಲ್ಲದೆ ಬರೀ ಕಟಕ್ ಅನ್ನೋ ಶಬ್ದ ಬಂದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಮೆತ್ತಗಿನ ಊಟ, ಬಿಸಿ ಬಟ್ಟೆ, ಹೇಳಿಕೊಟ್ಟ ವ್ಯಾಯಾಮ, ಬೇಕಾದರೆ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ನೈಟ್ ಗಾರ್ಡ್, ಹೆಚ್ಚಿನವರಿಗೆ ಇಷ್ಟರಲ್ಲೇ ಇಳಿಯುತ್ತದೆ. ಶುರುವಿನಲ್ಲೇ ಹಲ್ಲನ್ನು ತೇಯ್ದು ಸರಿ ಮಾಡುತ್ತೇವೆ ಅಂದರೆ ಒಪ್ಪಬೇಡಿ, ತೇಯ್ದ ಹಲ್ಲು ವಾಪಸ್ ಬರಲ್ಲ.

ಕುತ್ತಿಗೆಯನ್ನು ಗಕ್ಕನೆ ತಿರುಗಿಸಿ ಶಬ್ದ ಬರಿಸುವವರ ಕೈಗೂ ತಲೆ ಕೊಡಬೇಡಿ. ಅಪರೂಪಕ್ಕೆ ಮಿದುಳಿಗೆ ಹೋಗುವ ರಕ್ತನಾಳ ಹರಿದು ಸ್ಟ್ರೋಕ್ ಆಗಿರುವುದುಂಟು. ನಡೆಯುವಾಗ, ಮೆಟ್ಟಿಲು ಹತ್ತುವಾಗ ದವಡೆ ಹಿಡಿದು, ನಿಂತರೆ ಬಿಡುತ್ತದೆ ಅಂದರೆ ಅದು ಹೃದಯದ್ದಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ ಇಸಿಜಿ ಮಾಡಿಸಿ. ಬೆವರು, ಎದೆ ಭಾರ ಜೊತೆಗಿದ್ದರೆ 108ಕ್ಕೆ ಫೋನ್ ಮಾಡಿ. ಐವತ್ತು ದಾಟಿದವರಿಗೆ ಜಗಿಯುವಾಗ ದವಡೆ ಸೋತು, ಹೊಸದಾಗಿ ಕಣತಲೆ ನೋವು ಬಂದು, ಕಣ್ಣು ಮಂಜಾದರೆ ಅದೂ ಕಾಯುವ ವಿಷಯವಲ್ಲ, ಕಣ್ಣೇ ಹೋಗಬಹುದು.

ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ, ಮುಂದಿನ ಹಲ್ಲುಗಳ ಮಧ್ಯೆ ಇಟ್ಟು ನೋಡಿ. ನಿಮ್ಮದೇ ಬೆರಳು. ಹೋಗಲಿಲ್ಲ ಅಂದರೆ, ಅದರಲ್ಲೂ ಅಡಿಕೆ, ಪಾನ್ ಮಸಾಲಾ ಅಭ್ಯಾಸ ಇದ್ದರೆ, ಮೊದಲು ದಂತ ಕಾಲೇಜಿಗೆ ಹೋಗಿ. ಖರ್ಚು ಕಡಿಮೆ. ಬೆಂಗಳೂರಲ್ಲಾದರೆ ಸರ್ಕಾರಿ ದಂತ ಕಾಲೇಜೇ ಇದೆ. ಅಭ್ಯಾಸ ಬಿಡೋಕೆ ಸಹಾಯ ಬೇಕಾದರೆ 1800-11-2356, ತಂಬಾಕು ಬಿಡಿಸೋಕೆ ಇರುವ ಸರ್ಕಾರದ ಉಚಿತ ನಂಬರು.

ಫಿಸಿಯೋ ಹತ್ತಿರ ಹೋದಾಗ ಏನು ಓದಿದ್ದೀರಿ ಅಂತ ಕೇಳೋಕೆ ಸಂಕೋಚ ಬೇಡ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಮಾಡಿದವರು ನಾಲ್ಕು ವರ್ಷ ಓದಿ, ಆರು ತಿಂಗಳು ಇಂಟರ್ನ್‌ಶಿಪ್ ಮುಗಿಸಿರುತ್ತಾರೆ. ನಿಜವಾಗಿ ಓದಿದವರು ಖುಷಿಯಿಂದ ಹೇಳುತ್ತಾರೆ. ನಮ್ಮ ಬಿಳಿ ಕೋಟಿನವರನ್ನು ಆಮೇಲೆ ನಾನು ಕೇಳಿದಾಗ ಯಾವುದೋ ಮಸಾಜ್ ಕೋರ್ಸಿನ ಸರ್ಟಿಫಿಕೇಟ್ ತೋರಿಸಿದರು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದೇ ಕೆಪಿಎಂಇ, ಫಿಸಿಯೋಥೆರಪಿ ಕೇಂದ್ರಗಳಿಗೂ ಅನ್ವಯಿಸುತ್ತದೆ. ರಿಜಿಸ್ಟ್ರೇಷನ್ ಇರಬೇಕು, ದರಪಟ್ಟಿ ಕಾಣುವ ಹಾಗೆ ಹಾಕಿರಬೇಕು. ಅಲ್ಲಿ ಗೋಡೆ ಮೇಲೆ ಇದ್ದದ್ದು ಬೆನ್ನುಮೂಳೆಯ ಚಿತ್ರ ಮಾತ್ರ.

ಆ ಹಳದಿ ಚೀಟಿ, ಗಾಯದ ಫೋಟೋ, ಕಾಲೇಜಿನ ರಿಪೋರ್ಟು ಎಲ್ಲ ಜೋಡಿಸಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಟ್ಟಿದ್ದೇವೆ. ಸ್ವೀಕೃತಿ ಸಿಕ್ಕಿದೆ, ವಿಚಾರಣೆ ಇನ್ನೂ ಆಗಿಲ್ಲ. ದುಡ್ಡು ವಾಪಸ್‌ಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಹಾಕುತ್ತಿದ್ದೇವೆ. ಕಟ್ಟಿದ ಹಣ ಐದು ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಮಾಹಿತಿಗೆ ಗ್ರಾಹಕರ ಸಹಾಯವಾಣಿ 1915. ಇದೇ ಥರ ನಿಮಗೂ ಆಗಿದ್ದು, ದೂರು ಹೇಗೆ ಬರೆಯಬೇಕು ಅಂತ ತಿಳಿಯದಿದ್ದರೆ ಕೇಳಿ. ನಾವು ಕೊಟ್ಟ ದೂರಿನ ಪ್ರತಿ ನನ್ನ ಹತ್ತಿರ ಇದೆ, ಕಳಿಸಿಕೊಡುತ್ತೇನೆ.