ನಾಝಲ್ ಸೆಟ್ ಚೆನ್ನಾಗಿದೆ, ಜೊತೆಗೆ ಬಂದ ರೆಸಿಪಿ ಚೀಟಿಯನ್ನು ಮಾತ್ರ ನಂಬಬೇಡಿ

ನಾಲ್ಕು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಡಬ್ಬಿಯಲ್ಲಿ 24 ಸ್ಟೀಲ್ ನಾಝಲ್ (ಕ್ರೀಮ್ ಒತ್ತಿ ಚಿತ್ತಾರ ಬಿಡಿಸುವ ಪುಟ್ಟ ಮೂತಿಗಳು), ಕ್ರೀಮ್ ತುಂಬಿ ಒತ್ತೋಕೆ ಒಂದು ಸಿಲಿಕೋನ್ ಬ್ಯಾಗ್, ನಾಝಲನ್ನು ಬ್ಯಾಗ್‌ಗೆ ಜೋಡಿಸುವ ಎರಡು ಕಪ್ಲರ್, ತೊಳೆಯಲು ಒಂದು ಪುಟ್ಟ ಬ್ರಷ್, ಮತ್ತೆ ಮಡಚಿ ಇಟ್ಟ ಒಂದು ರೆಸಿಪಿ ಚೀಟಿ ಇರುತ್ತದೆ. ನಾನು ತಗೊಂಡಿದ್ದು ಕುಕೀ ಮೇಲೆ ಬಟರ್‌ಕ್ರೀಮ್, ಅಂದರೆ ಬೆಣ್ಣೆ ಸಕ್ಕರೆ ಬೀಟ್ ಮಾಡಿದ ಕ್ರೀಮ್, ಹಾಕೋದಕ್ಕೆ ಮಾತ್ರ. ಕೇಕ್ ಮಾಡುವವರ ಲೆಕ್ಕ ಬೇರೆ. ಕೇಕ್ ಮೇಲೆ ಒಂದು ಹೂವು ಹರಡಿಕೊಂಡರೆ ಅದರ ಮೇಲೆ ಇನ್ನೊಂದು ಹಾಕಿ ಮುಚ್ಚಬಹುದು, ಆದರೆ ಕುಕೀ ಮೇಲೆ ಇರುವುದೇ ಆರೇಳು ಸೆಂಟಿಮೀಟರ್ ಜಾಗ, ಹದ ಚೂರು ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ.

ಮೊದಲು ಆ ಚೀಟಿಯ ವಿಷಯ ಹೇಳಿಬಿಡುತ್ತೇನೆ. ಅದರಲ್ಲಿ 250 ಗ್ರಾಂ ಬೆಣ್ಣೆ, 250 ಗ್ರಾಂ ಐಸಿಂಗ್ ಶುಗರ್ (ನುಣ್ಣನೆಯ ಸಕ್ಕರೆ ಪುಡಿ), ಕಾಲು ಕಪ್ ಹಾಲು ಅಂತ ಇದೆ. ಬೆಣ್ಣೆಯನ್ನು ಕರಗಿಸಿಕೊಳ್ಳಿ ಅಂತಲೂ ಇದೆ! ಅಕ್ಕನ ಮಗಳ ಹುಟ್ಟುಹಬ್ಬಕ್ಕೆ 30 ಕುಕೀ ಬೇಯಿಸಿಟ್ಟು, ಚೀಟಿಯಲ್ಲಿ ಇದ್ದ ಹಾಗೇ ಮಾಡಿದೆ. ಹಾಕಿದ ನಕ್ಷತ್ರಗಳು ಎರಡೇ ನಿಮಿಷಕ್ಕೆ ಚಪ್ಪಟೆಯಾದವು. ಸ್ವಲ್ಪ ಹೊತ್ತಿಗೆ ಅಂಚಿನಿಂದ ಕೆಳಗೆ ಇಳಿಯತೊಡಗಿದವು. ತುಂಬ ಬೇಜಾರಾಯಿತು. ನಾಝಲ್‌ಗಳೇ ಸರಿಯಿಲ್ಲ ಅಂದುಕೊಂಡು ವಾಪಸ್ ಕಳಿಸೋಕೆ ಡಬ್ಬಿಗೂ ತುಂಬಿದ್ದೆ. ಮಾರನೇ ವಾರ ಬೇರೆ ಅಳತೆಯಲ್ಲಿ ಇನ್ನೊಂದು ಸಲ ಮಾಡಿ ನೋಡಿದಾಗ ಅದೇ ನಾಝಲ್‌ನಿಂದ ಗೆರೆಗೆರೆಯಾಗಿ, ಮೂಲೆಗಳು ಚೂಪಾಗಿ ನಕ್ಷತ್ರ ಬಂತು.

ಬೆಣ್ಣೆ ಕರಗಿಸಬಾರದು, ಯಾವ ಕಾರಣಕ್ಕೂ. ಬೆಣ್ಣೆಯಲ್ಲಿ ಸುಮಾರು 80 ಶೇಕಡಾ ಕೊಬ್ಬು, ಉಳಿದದ್ದು ಬಹುಪಾಲು ನೀರು. ಆ ಕೊಬ್ಬು ಅರೆಗಟ್ಟಿ ಇದ್ದಾಗ ಮಾತ್ರ ಬೀಟ್ ಮಾಡಿದ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಸಲ ಕರಗಿ ಎಣ್ಣೆಯಾದರೆ ಎಷ್ಟು ಬೀಟ್ ಮಾಡಿದರೂ ಹಗುರ ಆಗಲ್ಲ. 18ರಿಂದ 20 ಡಿಗ್ರಿ ಸೆಲ್ಸಿಯಸ್ ಒಳ್ಳೆಯ ಹದ. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳಲ್ಲಿ ಒತ್ತಿ ನೋಡಿ, ಗುಳಿ ಬೀಳಬೇಕು, ಆದರೆ ಬೆರಳು ಸಲೀಸಾಗಿ ಒಳಗೆ ಇಳಿಯಬಾರದು, ಮೇಲೆ ಎಣ್ಣೆಯ ಹೊಳಪು ಬಂದಿರಬಾರದು.

ಇನ್ನು ಸಕ್ಕರೆ. ಕುಕೀಗೆ ಬೆಣ್ಣೆಯ ಎರಡರಷ್ಟು ತೂಕ ಬೇಕು. ನಾನು ಹಾಕೋದು 200 ಗ್ರಾಂ ಉಪ್ಪಿಲ್ಲದ ಬೆಣ್ಣೆ, 400 ಗ್ರಾಂ ಐಸಿಂಗ್ ಶುಗರ್, ಒಂದು ಚಮಚ ವೆನಿಲಾ, ಒಂದು ಚಿಟಿಕೆ ಉಪ್ಪು, ಹಾಲು ಒಂದರಿಂದ ಎರಡು ಟೇಬಲ್ ಚಮಚ ಅಷ್ಟೇ. ಇಷ್ಟರಲ್ಲಿ ನನಗೆ ಸುಮಾರು 30 ಕುಕೀ ಆಗುತ್ತವೆ. ಸಿಹಿ ಜಾಸ್ತಿ ಅನಿಸಬಹುದು, ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಸಕ್ಕರೆಯ ಕೆಲಸ ಬರೀ ಸಿಹಿ ಕೊಡೋದಲ್ಲ. ಹಾಕಿದ ಮೇಲೆ ಮೇಲ್ಮೈಯ ತೇವ ಆರಿ, ಸಕ್ಕರೆ ಅಲ್ಲೇ ಹರಳುಗಟ್ಟಿ ಒಂದು ತೆಳು ಪೊರೆ ಆಗುತ್ತದೆ. ಅದಾದ ಮೇಲೆ ಬೆರಳಲ್ಲಿ ಮೆಲ್ಲಗೆ ಮುಟ್ಟಿದರೆ ಅಂಟಲ್ಲ, ಒಳಗೆ ಮಾತ್ರ ಬೆಣ್ಣೆಯ ಹಾಗೇ ಮೆತ್ತಗಿರುತ್ತದೆ. ಸಮಸಮ ತೂಕ ಹಾಕಿದರೆ ಈ ಪೊರೆ ಸರಿಯಾಗಿ ಕಟ್ಟಲ್ಲ. ಸಿಹಿ ಕಡಿಮೆ ಅಂತ ಕೆಲವರು ಮೊಟ್ಟೆಯ ಬಿಳಿಯಲ್ಲಿ ಮಾಡುವ ಸ್ವಿಸ್ ಬಟರ್‌ಕ್ರೀಮ್ ಹೇಳುತ್ತಾರೆ, ರುಚಿ ನಿಜಕ್ಕೂ ಚೆಂದ, ಆದರೆ ಅದರ ಮೇಲೂ ಪೊರೆ ಕಟ್ಟಲ್ಲ, ಹಾಗಾಗಿ ಡಬ್ಬಿಗೆ ಹಾಕಿ ಯಾರಿಗಾದರೂ ಕೊಡುವ ಕುಕೀಗೆ ನಾನು ಅದನ್ನು ಬಳಸಲ್ಲ. ಸಿಹಿಗೆ ನನ್ನ ಉಪಾಯ ಒಂದೇ: ಆ ಚಿಟಿಕೆ ಉಪ್ಪನ್ನು ಬಿಡಬೇಡಿ, ಬೇಕಿದ್ದರೆ ನಾಲ್ಕು ಹನಿ ನಿಂಬೆರಸ ಹಾಕಿ.

ಮಾಡುವಾಗ ಬೆಣ್ಣೆಯನ್ನಷ್ಟೇ ಮೊದಲು ನಾಲ್ಕೈದು ನಿಮಿಷ ಬೀಟ್ ಮಾಡಿ. ಹಳದಿ ಹೋಗಿ ಕೆನೆಯ ಬಣ್ಣಕ್ಕೆ ತಿರುಗುತ್ತದೆ, ಅಲ್ಲಿವರೆಗೂ ಸಕ್ಕರೆ ಮುಟ್ಟಬೇಡಿ. ಆಮೇಲೆ ಸಕ್ಕರೆಯನ್ನು ಜರಡಿ ಹಿಡಿದು ಮೂರು ನಾಲ್ಕು ಸಲಕ್ಕೆ ಹಾಕಿ. ಜರಡಿ ಹಿಡಿಯೋದನ್ನು ನಾನು ಒಂದು ಸಲ ಸುಮ್ನೆ ಬಿಟ್ಟಿದ್ದೆ, ಸಣ್ಣ ಬಾಯಿಯ 2ನೇ ನಂಬರ್ ನಾಝಲ್‌ನಲ್ಲಿ ಒಂದು ಸಣ್ಣ ಗಂಟು ಸಿಕ್ಕಿಕೊಂಡು, ಒತ್ತಿದಾಗ ಬ್ಯಾಗ್‌ನ ಹಿಂದಿನ ಬಾಯಿಂದ ಕ್ರೀಮ್ ಎಲ್ಲ ಕೈಮೇಲೆ ಬಂತು. ಹಾಲನ್ನು ಕೊನೆಗೆ, ಒಂದೊಂದು ಚಿಕ್ಕ ಚಮಚ ಹಾಕಿ ನೋಡುತ್ತಾ ಹೋಗಿ. ಕೊನೆಯ ಎರಡು ನಿಮಿಷ ಮಿಷನ್ ಬಿಟ್ಟು ಚಪ್ಪಟೆ ಸೌಟಿನಲ್ಲಿ ಪಾತ್ರೆಯ ಬದಿಗೆ ಒತ್ತಿ ಒತ್ತಿ ತಿರುಗಿಸಿ. ದೊಡ್ಡ ಗಾಳಿಗುಳ್ಳೆಗಳು ಹೋಗುತ್ತವೆ. ಇದನ್ನು ಮಾಡದಿದ್ದರೆ ಅಕ್ಷರ ಬರೆಯುವಾಗ ಗೆರೆ ಮಧ್ಯಮಧ್ಯ ತುಂಡಾಗುತ್ತದೆ. ಕ್ರೀಮ್ ಸಡಿಲ ಆಯ್ತು ಅಂತ ಗಾಬರಿಯಾಗಿ ಸಕ್ಕರೆ ಸುರಿಯಬೇಡಿ, 15 ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಬೀಟ್ ಮಾಡಿ ನೋಡಿ. ತಣ್ಣಗಾಗಿ ಒಡೆದ ಹಾಗೆ ಕಂಡರೆ ಎರಡು ಚಮಚದಷ್ಟು ತೆಗೆದು ಬೆಚ್ಚಗೆ ಮಾಡಿ ವಾಪಸ್ ಸೇರಿಸಿದರೆ ಕೂಡಿಕೊಳ್ಳುತ್ತದೆ.

ಬಣ್ಣಕ್ಕೆ ಜೆಲ್ ಬಣ್ಣವೇ ಆಗಬೇಕು. ನೀರಿನಂಥ ತೆಳು ಬಣ್ಣ ಹಾಕಿದಷ್ಟೂ ಕ್ರೀಮ್ ತೆಳುವಾಗುತ್ತದೆ. ಬೆಣ್ಣೆಯಲ್ಲಿ ಸಹಜವಾಗಿ ಹಳದಿ ಇರೋದರಿಂದ ನೀಲಿ ಹಾಕಿದರೆ ಹಸಿರು ಛಾಯೆ ಬರುತ್ತದೆ, ಬಿಳಿ ಬೇಕೆಂದರೂ ಬಿಳಿ ಆಗಲ್ಲ. ಕಡ್ಡಿಯ ತುದಿಯಲ್ಲಿ ಮುಟ್ಟಿಸಿದಷ್ಟು ನೇರಳೆ ಹಾಕಿದರೆ ಆ ಹಳದಿ ಅಡಗುತ್ತದೆ, ನನಗೆ ಇದು ಗೊತ್ತಾದ ದಿನ ನಿಜವಾಗಿಯೂ ಖುಷಿಯಾಯಿತು. ಕೆಂಪು ಮತ್ತು ಕಪ್ಪು ಬೇಕಿದ್ದರೆ ಹಿಂದಿನ ದಿನವೇ ಕಲಸಿಡಿ. ರಾತ್ರಿ ಕಳೆದರೆ ಬಣ್ಣ ತಾನಾಗಿ ಗಾಢವಾಗುತ್ತದೆ, ಹಾಗಾಗಿ ಜಾಸ್ತಿ ಸುರಿದು ಕಹಿ ಮಾಡಿಕೊಳ್ಳಬೇಕಾಗಿಲ್ಲ. ಕಪ್ಪಿಗೆ ಮೊದಲು ಕೋಕೋ ಪುಡಿ ಸೇರಿಸಿ ಕಂದು ಮಾಡಿಕೊಂಡರೆ ಜೆಲ್ ಬಹಳ ಕಡಿಮೆ ಸಾಕಾಗುತ್ತದೆ.

ಈಗ ನಾಝಲ್‌ಗಳು. 24ರಲ್ಲಿ ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳೋದು ಐದು. ಅಕ್ಷರಕ್ಕೆ ಮತ್ತು ಸಣ್ಣ ಚುಕ್ಕೆಗೆ 2, ಅಂಚಿನ ಗೆರೆಗೆ 3, ಪುಟ್ಟ ನಕ್ಷತ್ರಕ್ಕೆ 16, ಹೂವಿನ ಎಸಳಿಗೆ 104, ಹುಲ್ಲು ಅಥವಾ ಪ್ರಾಣಿಯ ರೋಮಕ್ಕೆ 233. 16ರಲ್ಲಿ ಇಡೀ ಕುಕೀಯನ್ನು ಒತ್ತೊತ್ತಾಗಿ ನಕ್ಷತ್ರಗಳಿಂದ ತುಂಬಿದರೆ ಮಕ್ಕಳು ಅದನ್ನೇ ಮೊದಲು ಎತ್ತಿಕೊಳ್ಳುತ್ತಾರೆ. 1ಎಂ ಅನ್ನೋ ದೊಡ್ಡ ನಕ್ಷತ್ರ ದುಂಡು ಕುಕೀ ಮೇಲೆ ಒಂದೇ ಸುತ್ತಿನ ಗುಲಾಬಿಗೆ ಚೆನ್ನಾಗಿದೆ, ಆದರೆ ಒಂದು ಕುಕೀಗೆ ಅಷ್ಟೊಂದು ಕ್ರೀಮ್ ಆದರೆ ತಿನ್ನೋಕೆ ಭಾರ. ಉಳಿದವು ಬಹುಪಾಲು ಚಿಕ್ಕ ಚಿಕ್ಕ ವ್ಯತ್ಯಾಸದ ನಕ್ಷತ್ರಗಳೇ. ಹೆಚ್ಚಿನ ಕಂಪನಿಗಳು ಚಿಕ್ಕ ನಾಝಲ್‌ಗಳಿಗೆ ಇದೇ ನಂಬರ್ ಕೊಡೋದರಿಂದ, ಬರೀ ಈ ಐದನ್ನು ಬಿಡಿಬಿಡಿಯಾಗಿಯೂ ತಗೋಬಹುದು. ಅಕ್ಷರಕ್ಕೆ, ಗೆರೆಗೆ ಬಳಸುವ 2 ಮತ್ತು 3ರ ಬಾಯಿ ಸರಿಯಾಗಿ ದುಂಡಗಿವೆ, ಗೆರೆ ಒಂದೇ ದಪ್ಪಕ್ಕೆ ಬರುತ್ತದೆ. ಈ ಸೆಟ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಎಲೆ ಮಾಡುವ 352 ಮಾತ್ರ ನನಗೆ ಬಂದದ್ದು ಕೆಟ್ಟದಾಗಿತ್ತು. ಬಾಯಿಯ ಎರಡು ತುದಿ ಒಂದಕ್ಕೊಂದು ಸರಿಹೊಂದಿಲ್ಲ, ಎಲೆ ಒಂದು ಬದಿಗೆ ತಿರುಚಿಕೊಳ್ಳುತ್ತದೆ. ಡಬ್ಬಿ ಬಂದ ಕೂಡಲೇ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಇನ್ನೊಂದು ಮಾತು, ಸ್ಟೀಲ್ ಅಂದರೂ ಬೆಸುಗೆ ಇರುವ ಜಾಗದಲ್ಲಿ ತೇವ ನಿಂತರೆ ತುಕ್ಕು ಬರುತ್ತದೆ. ಎರಡಕ್ಕೆ ನನ್ನಲ್ಲಿ ಬಂದಿದೆ. ಕುಕೀ ಬೇಯಿಸಿ ಆರಿಸಿದ ಓವನ್ ಇನ್ನೂ ಬೆಚ್ಚಗಿರುವಾಗ ತೊಳೆದ ನಾಝಲ್‌ಗಳನ್ನು ಐದು ನಿಮಿಷ ಒಳಗಿಟ್ಟು ತೆಗೆಯೋದು ಶುರುಮಾಡಿದ ಮೇಲೆ ಬೇರೆ ಯಾವುದಕ್ಕೂ ಬಂದಿಲ್ಲ. ಪ್ಲಾಸ್ಟಿಕ್ ಕಪ್ಲರ್‌ಗಳನ್ನು ಮಾತ್ರ ಓವನ್‌ಗೆ ಹಾಕಬೇಡಿ.

ಕಪ್ಲರ್ ಗಟ್ಟಿಯಾಗಿದೆ, ಬ್ಯಾಗ್ ಖಾಲಿ ಮಾಡದೆ ನಾಝಲ್ ಬದಲಿಸಬಹುದು, ಎಲ್ಲೂ ಸೋರಲ್ಲ. ಸಿಲಿಕೋನ್ ಬ್ಯಾಗ್ ನನಗೆ ಹಿಡಿಸಲಿಲ್ಲ. ಕುಕೀ ಕೆಲಸಕ್ಕೆ ಅದು ತೀರಾ ದೊಡ್ಡದು, ತುಂಬ ತುಂಬಿಸಿದರೆ ಅಂಗೈ ಬಿಸಿಗೆ ಒಳಗಿನ ಬೆಣ್ಣೆ ಮೆತ್ತಗಾಗಿ, ಕೊನೆಯ ಹತ್ತು ಕುಕೀ ಬರುವಷ್ಟರಲ್ಲಿ ನಕ್ಷತ್ರದ ಮೂಲೆಗಳು ಮೊಂಡಾಗುತ್ತವೆ. ಜಿಡ್ಡು ತೊಳೆಯೋಕೂ ಬಿಸಿನೀರು, ಸೋಪು ಎರಡೆರಡು ಸಲ ಬೇಕು. ನಾನು ಈಗ ಬಳಸಿ ಬಿಸಾಡುವ ಚಿಕ್ಕ ಬ್ಯಾಗ್‌ಗಳಿಗೆ ಇದೇ ಕಪ್ಲರ್ ಹಾಕಿ, ಒಂದು ಸಲಕ್ಕೆ ಮೂರು ನಾಲ್ಕು ದೊಡ್ಡ ಚಮಚದಷ್ಟೇ ತುಂಬಿಸುತ್ತೇನೆ.

ಕುಕೀ ಪೂರ್ತಿ ಆರಿದ ಮೇಲೆಯೇ ಹಾಕಿ, ಅಂಗೈ ಮೇಲೆ ಇಟ್ಟರೆ ಬಿಸಿ ಅನಿಸುವಂತಿದ್ದರೆ ಇನ್ನೂ ಕಾಯಿರಿ. ಹಾಕಿದ ಮೇಲೆ ಮುಚ್ಚದೆ ಒಂದು ಗಂಟೆಯಾದರೂ ಬಿಟ್ಟರೆ ಪೊರೆ ಕಟ್ಟುತ್ತದೆ, ಹವೆಯಲ್ಲಿ ತೇವ ಇದ್ದರೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಎಷ್ಟೇ ಪೊರೆ ಕಟ್ಟಿದರೂ ಇದು ರಾಯಲ್ ಐಸಿಂಗ್ (ಮೊಟ್ಟೆಯ ಬಿಳಿ, ಸಕ್ಕರೆ ಪುಡಿಯ ಲೇಪ) ಥರ ಕಲ್ಲಾಗಲ್ಲ, ಒಂದರ ಮೇಲೊಂದು ಪೇರಿಸಿದರೆ ಚಿತ್ರ ಅಳಿಸಿಹೋಗುತ್ತದೆ. ಒಂದೇ ಸಾಲಲ್ಲಿ ಇಡಿ. ಉಳಿದ ಕ್ರೀಮ್ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ, ಬಳಸುವ ಮುಂಚೆ ಹೊರಗಿಟ್ಟು ಮೆತ್ತಗಾದ ಮೇಲೆ ಮತ್ತೆ ಬೀಟ್ ಮಾಡಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಕಳೆದಿದ್ದು ಬ್ಯಾಗ್‌ಗೆ, ಒಂದು ಪೂರ್ತಿ ಅಂಕ ಆ ಚೀಟಿಗೆ, ಯಾಕೆಂದರೆ ಹೊಸದಾಗಿ ಕಲಿಯೋರು ಅದನ್ನೇ ನಂಬಿ ಮಾಡಿ, ತಮ್ಮ ಕೈಗೇ ಇದು ಬರಲ್ಲ ಅಂತ ಬಿಟ್ಟುಬಿಡುತ್ತಾರೆ. ನಾನು ಆ ಚೀಟಿಯ ಹಿಂದೆ ನನ್ನ ಅಳತೆ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. 352ನ್ನು ಬೇರೆ ತರಿಸಿದೆ, ಈ ಸಲ ಎಲೆ ನೇರವಾಗಿ ಬಂತು.