ಪ್ರಾಗ್: ಹೊತ್ತು ನೋಡಿಕೊಂಡು ಸುತ್ತಬೇಕಾದ ರಾಜಧಾನಿ

ಜೆಕ್ ನೆಲದ ಹಳೆಯ ರಾಜ್ಯವಾದ ಬೊಹೀಮಿಯಾದ ಅರಸರ ಪಟ್ಟಣವಾಗಿ, ಹದಿನಾಲ್ಕನೆಯ ಶತಮಾನದಲ್ಲಿ ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿಯ ರಾಜಧಾನಿಯಾಗಿ ಬೆಳೆದು, ಇಂದು ಜೆಕ್ ಗಣರಾಜ್ಯದ ರಾಜಧಾನಿಯಾಗಿರುವ ಪ್ರಾಗ್ ನಗರದಲ್ಲಿ ಅಕ್ಟೋಬರ್ ಮೊದಲ ವಾರ ಐದು ದಿನ ಕಳೆದೆ. ನೋಡುವುದಕ್ಕೆ, ಕೊಳ್ಳುವುದಕ್ಕೆ, ಉಣ್ಣುವುದಕ್ಕೆ, ರಾತ್ರಿಯ ಹೊತ್ತು ಕಳೆಯುವುದಕ್ಕೆ ಈ ನಗರ ಹೇಗಿದೆ ಎಂದು ಕೇಳುವವರಿಗೆ, ಎಲ್ಲಿಗೆ ಹೋಗಬೇಕು ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಹೋಗಬೇಕು ಎನ್ನುವುದೇ ಇಲ್ಲಿ ಮುಖ್ಯ ಎಂದು ಹೇಳುತ್ತೇನೆ. ಹಳೆಯ ಪಟ್ಟಣದ ಚೌಕದಿಂದ ಚಾರ್ಲ್ಸ್ ಸೇತುವೆಗೆ ಸಾಗುವ ಓಣಿಗಳಲ್ಲಿ ಬೆಳಿಗ್ಗೆ ಹತ್ತರ ನಂತರ ಕಾಲಿಡಲು ಜಾಗವಿರುವುದಿಲ್ಲ. ಅದೇ ಓಣಿಗಳಲ್ಲಿ ಬೆಳಗಿನ ಆರೂವರೆಗೆ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸುತ್ತದೆ.

ಅಕ್ಟೋಬರ್‌ನಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಆದ್ದರಿಂದ ಹೆಚ್ಚು ಕಷ್ಟಪಡದೆಯೇ ಸೇತುವೆಯ ಮೇಲೆ ನಸುಕನ್ನು ನೋಡಬಹುದು. 1357ರಲ್ಲಿ ಅಡಿಗಲ್ಲು ಬಿದ್ದ ಈ ಸೇತುವೆ 516 ಮೀಟರ್ ಉದ್ದವಿದ್ದು, ವ್ಲತಾವಾ ನದಿಯನ್ನು 16 ಕಮಾನುಗಳ ಮೇಲೆ ದಾಟುತ್ತದೆ. ಅಡಿಗಲ್ಲಿಟ್ಟ ಮುಹೂರ್ತ ಜುಲೈ 9ರ ಬೆಳಿಗ್ಗೆ 5 ಗಂಟೆ 31 ನಿಮಿಷ ಎಂಬ ನಂಬಿಕೆಯಿದೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷಗಳನ್ನು ಸಾಲಾಗಿ ಬರೆದರೆ 1, 3, 5, 7, 9, 7, 5, 3, 1 ಎಂದು ಏರಿ ಇಳಿಯುವ ಅಂಕಿಗಳು ಸಿಗುತ್ತವೆ. ಮುಹೂರ್ತ ನೋಡಿ ಕೆಲಸ ಆರಂಭಿಸುವ ರೂಢಿ ಅಲ್ಲಿಯೂ ಇತ್ತೆಂಬುದು ನನಗೆ ಬಹಳ ಹಿಡಿಸಿತು. ಎರಡೂ ಬದಿಯ 30 ಶಿಲ್ಪಗಳಲ್ಲಿ ಅನೇಕವು ಪ್ರತಿಕೃತಿಗಳು. ಮೂಲ ವಿಗ್ರಹಗಳಲ್ಲಿ ಹಲವನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಿಲಾಶಾಲೆಯಲ್ಲಿ ಇರಿಸಿದ್ದಾರೆ. ಅನಿಲದೀಪಗಳು ಇನ್ನೂ ಉರಿಯುತ್ತಿರುವಾಗ, ನದಿಯಿಂದ ಮಂಜು ಏಳುತ್ತಿರುವಾಗ ಈ ವಿಗ್ರಹಗಳ ನಡುವೆ ನಡೆದದ್ದು ನನ್ನ ಪ್ರವಾಸದ ಅತ್ಯುತ್ತಮ ಅರ್ಧ ಗಂಟೆ. ಮಧ್ಯಾಹ್ನ ಅದೇ ಸೇತುವೆಯನ್ನು ದಾಟಲು ಅಷ್ಟೇ ಹೊತ್ತು ಬೇಕಾಯಿತು, ಆದರೆ ಕಂಡದ್ದು ಮುಂದಿನವರ ಬೆನ್ನು ಮಾತ್ರ.

ಸೇತುವೆಯಾಚೆಯ ಗುಡ್ಡದ ಮೇಲಿನ ಕೋಟೆಗೂ ಇದೇ ನಿಯಮ ಅನ್ವಯಿಸುತ್ತದೆ. ಕೋಟೆಯ ಅಂಗಳಗಳಿಗೆ ಪ್ರವೇಶ ಶುಲ್ಕವಿಲ್ಲ. ಸಂತ ವೀಟಸ್ ಮಹಾದೇವಾಲಯದ ಒಳಭಾಗಕ್ಕೂ ಪುಟ್ಟ ಮನೆಗಳ ಸಾಲಾದ ಚಿನ್ನದ ಓಣಿಗೂ ಟಿಕೆಟ್ ಬೇಕು. 1344ರಲ್ಲಿ ಆರಂಭವಾದ ಆ ದೇವಾಲಯದ ಕಟ್ಟಡ ಮುಗಿದದ್ದು 1929ರಲ್ಲಿ. ಬೆಳಗಿನ ಬಿಸಿಲಿನಲ್ಲಿ ಬಣ್ಣದ ಗಾಜಿನ ಕಿಟಕಿಗಳು ನೆಲದ ಮೇಲೆ ಚೆಲ್ಲುವ ಬೆಳಕನ್ನು ನೋಡಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಚಿನ್ನದ ಓಣಿಯ 22ನೆಯ ಮನೆಯಲ್ಲಿ ಲೇಖಕ ಕಾಫ್ಕಾ 1916-17ರಲ್ಲಿ ಕುಳಿತು ಬರೆಯುತ್ತಿದ್ದರು ಎಂಬುದು ನಿಜವಾದರೂ, ಇಂದು ಆ ಪುಟ್ಟ ಮನೆಯಲ್ಲಿ ನಿಲ್ಲುವಷ್ಟೂ ಬಿಡುವು ಸಿಗುವುದಿಲ್ಲ.

ಯೆಹೂದಿ ಕೇರಿಯಾದ ಯೋಸೆಫೊವ್‌ಗೆ ಮಾತ್ರ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಪಿಂಕಾಸ್ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ, ನಾಜಿಗಳ ಕೈಯಲ್ಲಿ ಸತ್ತ ಸುಮಾರು 80,000 ಯೆಹೂದಿಗಳ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. ಹೊರಗಿನ ಸ್ಮಶಾನದಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಪದರವಾಗಿ ಮಣ್ಣು ಮಾಡಿದ್ದರಿಂದ ಸುಮಾರು 12,000 ಸಮಾಧಿಗಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಶನಿವಾರ ಯೆಹೂದಿಗಳ ವಿಶ್ರಾಂತಿಯ ಸಬ್ಬತ್ ದಿನವಾದ್ದರಿಂದ ಇವೆಲ್ಲ ಮುಚ್ಚಿರುತ್ತವೆ. ವಾರಾಂತ್ಯಕ್ಕೆಂದು ಬರುವವರು ಇದನ್ನು ಮರೆಯಬಾರದು.

ಚೌಕದ ಖಗೋಳ ಗಡಿಯಾರದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಅದನ್ನು ನೋಡಿ ನಿರಾಶರಾಗಿ ಹೋಗುವವರೇ ಹೆಚ್ಚು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ಅಸ್ಥಿಪಂಜರವೊಂದು ಗಂಟೆಯ ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಯೇಸುವಿನ ಶಿಷ್ಯರು ಸಾಲಾಗಿ ಹಾದುಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷದೊಳಗೆ ಎಲ್ಲವೂ ಮುಗಿದು, ಫೋನು ಎತ್ತಿ ಹಿಡಿದಿದ್ದ ನೂರಾರು ಜನ ಚದುರುತ್ತಾರೆ. ನಿಜವಾಗಿ ನೋಡಬೇಕಾದದ್ದು ಆಮೇಲೆ ಉಳಿಯುವ ಮುಖಫಲಕವನ್ನು. 1410ರಲ್ಲಿ ಕೂಡಿಸಿದ ಈ ಯಂತ್ರ ಭೂಮಿಯನ್ನು ನಡುವೆ ಇಟ್ಟುಕೊಂಡು, ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಷ್ಟು ಕಲೆಯಲ್ಲಿದ್ದಾನೆ ಎಂಬುದನ್ನು ತೋರಿಸುತ್ತದೆ. ಹೊರಬಳೆಯ ಮೇಲಿನ ಹಳೆಯ ಲಿಪಿಯ ಅಂಕಿಗಳು ಸೂರ್ಯಾಸ್ತದಿಂದ ದಿನವನ್ನು ಎಣಿಸುವ ಹಳೆಯ ಬೊಹೀಮಿಯನ್ ಕಾಲವನ್ನು ಹೇಳುತ್ತವೆ. ಒಳಗಿನ ಬಾಗಿದ ಗೆರೆಗಳು ಹಗಲನ್ನು ಹನ್ನೆರಡು ಭಾಗ ಮಾಡುವುದರಿಂದ ಬೇಸಿಗೆಯ ಒಂದು ಹೋರೆ ಚಳಿಗಾಲದ ಹೋರೆಗಿಂತ ದೊಡ್ಡದಾಗಿರುತ್ತದೆ. ಪಂಚಾಂಗದ ಪರಿಚಯವಿರುವ ಯಾರಿಗೇ ಆಗಲಿ, ಹತ್ತು ನಿಮಿಷ ನಿಂತರೆ ಈ ಫಲಕ ತಾನಾಗಿಯೇ ಅರ್ಥವಾಗತೊಡಗುತ್ತದೆ.

ಕೊಳ್ಳುವ ವಿಷಯಕ್ಕೆ ಮೊದಲು ಹಣದ ವಿಷಯ. ಜೆಕ್ ಗಣರಾಜ್ಯ ಐರೋಪ್ಯ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ ಎಂಬ ಅವರದೇ ನಾಣ್ಯ. ಚೌಕದ ಬಳಿಯ ಒಂದು ವಿನಿಮಯ ಕಟ್ಟೆಯಲ್ಲಿ 'ಕಮಿಷನ್ ಇಲ್ಲ' ಎಂಬ ಫಲಕ ನಂಬಿ ಯೂರೋ ಕೊಟ್ಟ ನನಗೆ, ಕೈಗೆ ಬಂದ ನೋಟುಗಳನ್ನು ಎಣಿಸಿದಾಗಲೇ ದರದಲ್ಲಿ ಆದ ಮೋಸ ತಿಳಿದದ್ದು. 2019ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಹಿಡಿದು ಮರಳಿ ಹೋಗಿ ಕೇಳಿದೆ, ಗೊಣಗಿದರಾದರೂ ಹಣ ಹಿಂದಿರುಗಿಸಿದರು. ಆದ್ದರಿಂದ ರಸೀದಿಯನ್ನು ಬಿಸಾಡಬೇಡಿ.

ಜೆಕ್ ನೆಲದ ಸರಕುಗಳಲ್ಲಿ ಕೊಳ್ಳಲು ಯೋಗ್ಯವಾದವು ಮೂರು: ಗಾಜು, ಗಾರ್ನೆಟ್ ಎಂಬ ಕೆಂಪು ಹರಳು, ಮರದ ಸೂತ್ರದ ಗೊಂಬೆ. ಬೊಹೀಮಿಯಾದ ಗಾರ್ನೆಟ್ ಸ್ವಭಾವತಃ ಚಿಕ್ಕದು, ನೇರಳೆಯ ಛಾಯೆಯಿಲ್ಲದ ರಕ್ತಗೆಂಪು. ಹಾಗಾಗಿ ಒತ್ತೊತ್ತಾಗಿ ಸಣ್ಣ ಹರಳು ಕೂಡಿಸಿದ ಒಡವೆಯನ್ನೇ ಪ್ರಮಾಣಪತ್ರದೊಂದಿಗೆ ಕೊಳ್ಳಬೇಕು, ದೊಡ್ಡ ಹರಳನ್ನು ಕಂಡರೆ ಅನುಮಾನಿಸಬೇಕು. ನಾನು ಕೊಂಡದ್ದು ಗೊಂಬೆಯನ್ನು. ಜೆಕ್ ಮತ್ತು ಸ್ಲೊವಾಕ್ ಗೊಂಬೆಯಾಟ 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ, ಆದರೆ ಬೀದಿಯಂಗಡಿಗಳಲ್ಲಿ ತೂಗುಬಿಟ್ಟಿರುವ ಗೊಂಬೆಗಳಲ್ಲಿ ಬಹುಪಾಲು ಅಚ್ಚಿನಲ್ಲಿ ಎರಕಹೊಯ್ದವು. ಮಾಲಾ ಸ್ತ್ರಾನಾ ಭಾಗದ ಒಂದು ಸಣ್ಣ ಅಂಗಡಿಯಲ್ಲಿ, ಕೆತ್ತಿದವರೇ ಸೂತ್ರ ಹಿಡಿದು, ಮಣಿಕಟ್ಟು ಸ್ವಲ್ಪ ತಿರುಗಿದರೆ ಗೊಂಬೆಯ ಮೊಣಕಾಲು ಹೇಗೆ ಮಡಿಯುತ್ತದೆ ಎಂದು ತಾಳ್ಮೆಯಿಂದ ತೋರಿಸಿಕೊಟ್ಟರು. ಬೆಲೆ ಬೀದಿಯ ಗೊಂಬೆಯ ಹಲವು ಪಟ್ಟು ಇತ್ತು; ಕೊಟ್ಟದ್ದಕ್ಕೆ ನನಗೆ ಲವಲೇಶವೂ ಬೇಸರವಿಲ್ಲ. ಒಂದರೊಳಗೊಂದು ಕೂರುವ ರಷ್ಯನ್ ಗೊಂಬೆಗಳಿಗೂ ಈ ನಗರಕ್ಕೂ ಯಾವ ಸಂಬಂಧವೂ ಇಲ್ಲ, ಅವು ಎಷ್ಟೇ ಕಣ್ಣಿಗೆ ಬಿದ್ದರೂ.

ಊಟದ ಮಟ್ಟಿಗೆ, ನಾನು ಮಾಂಸ ತಿನ್ನುವುದಿಲ್ಲ. ಸ್ವೀಚ್ಕೊವಾ ಮೊದಲಾದ ಹೆಸರುವಾಸಿ ಮಾಂಸದ ಅಡುಗೆಗಳ ರುಚಿಯನ್ನು ನಾನು ಹೇಳಲಾರೆ. ಊಟದ ಪಟ್ಟಿಯಲ್ಲಿ 'ಬೆಜ್ಮಾಸಾ' ಎಂಬ ತಲೆಬರಹದ ಕೆಳಗೆ ಮಾಂಸವಿಲ್ಲದ ತಿನಿಸುಗಳಿರುತ್ತವೆ, ಆದರೆ ಮೊಟ್ಟೆಯಿರಬಹುದು. ಸಾರುಗಳಿಗೆ ಮಾಂಸದ ಕಟ್ಟು ಹಾಕುವುದೂ ಸಾಮಾನ್ಯವಾದ್ದರಿಂದ ಕೇಳಿಯೇ ತರಿಸಿಕೊಳ್ಳಬೇಕು. ರೊಟ್ಟಿಪುಡಿಯಲ್ಲಿ ಹೊರಳಿಸಿ ಕರಿದ ಚೀಸ್ ಎಲ್ಲ ಕಡೆಯೂ ಸಿಗುತ್ತದೆ, ಒಮ್ಮೆ ತಿಂದರೆ ಸಾಕು ಎನಿಸುತ್ತದೆ. ನನ್ನ ಮನಸ್ಸು ಗೆದ್ದದ್ದು ಹಣ್ಣಿನ ಕ್ನೆಡ್ಲೀಕಿ. ಮೃದುವಾದ ಹಿಟ್ಟಿನ ಉಂಡೆಯೊಳಗೆ ಇಡೀ ಪ್ಲಮ್ ಹಣ್ಣನ್ನಿಟ್ಟು ಬೇಯಿಸಿ, ಮೇಲೆ ಕರಗಿದ ಬೆಣ್ಣೆ, ಸಕ್ಕರೆ, ಪುಡಿಯಾದ ಚೀಸ್ ಹಾಕಿ ಕೊಡುವ ಈ ಕಡುಬನ್ನು ಅಲ್ಲಿಯವರು ಮಧ್ಯಾಹ್ನದ ಊಟವಾಗಿಯೇ ತಿನ್ನುತ್ತಾರೆ. 'ಪ್ರಾಚೀನ ಬೊಹೀಮಿಯಾದ ತಿಂಡಿ' ಎಂದು ಹೆಜ್ಜೆಗೊಂದರಂತೆ ಮಾರುವ ಸುರುಳಿ ರೊಟ್ಟಿ ತ್ರ್ದೆಲ್ನೀಕ್ ಪ್ರಾಗ್‌ನ ಹಳೆಯ ತಿಂಡಿಯಲ್ಲ. ಅದರ ಭೌಗೋಳಿಕ ಗುರುತು ಇರುವುದು ಸ್ಲೊವಾಕಿಯಾದ ಸ್ಕಾಲಿತ್ಸಾ ಊರಿನ ಹೆಸರಿನಲ್ಲಿ. ಚೌಕ ಬಿಟ್ಟು ಟ್ರ್ಯಾಮ್‌ನಲ್ಲಿ ವಿನೊಹ್ರಾದಿ ಕಡೆಗೆ ಹೋದರೆ, ಬೆಲೆ ಇಳಿಯುತ್ತದೆ, ಅಡುಗೆ ಸುಧಾರಿಸುತ್ತದೆ.

ರಾತ್ರಿಯ ಪ್ರಾಗ್ ಎಂದರೆ ಕುಡಿತವೆಂದು ತಿಳಿದು ಬರುವವರ ಗುಂಪುಗಳಿಂದ ಹಳೆಯ ಪಟ್ಟಣದ ನಿವಾಸಿಗಳು ಎಷ್ಟು ನೊಂದಿದ್ದರೆಂದರೆ, ಮಾರ್ಗದರ್ಶಕರೊಂದಿಗೆ ಪಬ್ಬಿನಿಂದ ಪಬ್ಬಿಗೆ ಸುತ್ತುವ ರಾತ್ರಿ ಪ್ರವಾಸಗಳನ್ನು ನಗರಾಡಳಿತ 2024ರಲ್ಲಿ ನಿಷೇಧಿಸಿತು. ಸರಿಯಾದ ತೀರ್ಮಾನ. ಪಬ್ಬಿನ ನಿಜವಾದ ಸಂಸ್ಕೃತಿ ಬಹಳ ಶಾಂತವಾದದ್ದು: ಕುಳಿತೊಡನೆ ಮೇಜಿನ ಮೇಲೊಂದು ಚೀಟಿ ಬರುತ್ತದೆ, ಪ್ರತಿ ಲೋಟಕ್ಕೂ ಅದರ ಮೇಲೊಂದು ಗೀಟು ಬೀಳುತ್ತದೆ, ಲೋಟ ಬರಿದಾದರೆ ಕೇಳದೆಯೇ ಇನ್ನೊಂದು ಬರುವುದೂ ಉಂಟು. ಸಾಕೆನಿಸಿದಾಗ ಲೋಟದ ಮೇಲೆ ರಟ್ಟಿನ ಬಿಲ್ಲೆಯನ್ನು ಮುಚ್ಚಿದರೆ ಅವರಿಗೆ ಅರ್ಥವಾಗುತ್ತದೆ. ಕುಡಿಯದವರಿಗೂ ಇಲ್ಲಿ ರಾತ್ರಿಗಳು ಬರಿದಲ್ಲ. 1787ರಲ್ಲಿ ಮೊಜಾರ್ಟ್ ತನ್ನ 'ಡಾನ್ ಜೊವಾನಿ' ಎಂಬ ಸಂಗೀತನಾಟಕವನ್ನು ತಾನೇ ನಿಂತು ಮೊದಲ ಬಾರಿಗೆ ಪ್ರದರ್ಶಿಸಿದ ಎಸ್ಟೇಟ್ಸ್ ರಂಗಮಂದಿರ ಇಂದಿಗೂ ನಡೆಯುತ್ತಿದೆ. ಬೀದಿಯಲ್ಲಿ ಹಳೆಯ ಕಾಲದ ವೇಷ ತೊಟ್ಟು ಸಂಗೀತ ಕಛೇರಿಗಳ ಟಿಕೆಟ್ ಮಾರುವವರನ್ನು ದಾಟಿ, ರಂಗಮಂದಿರದ ಟಿಕೆಟ್ ಕಟ್ಟೆಗೇ ಹೋಗುವುದು ಒಳ್ಳೆಯದು.

ಕೊನೆಯ ರಾತ್ರಿ ಆ ರಂಗಮಂದಿರದಿಂದ ಹೊರಬಂದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ಗಡಿಯಾರದ ಕೆಳಗೆ ನಿಂತಿದ್ದವರು ಹತ್ತು ಹನ್ನೆರಡು ಜನ, ಅವರಲ್ಲಿ ಅಪ್ಪನ ಹೆಗಲ ಮೇಲೆ ಕುಳಿತ ಒಂದು ಮಗು. ದಿನದ ಕೊನೆಯ ಮೆರವಣಿಗೆ ಹಾದುಹೋಯಿತು, ಹುಂಜ ಕೂಗಿದಾಗ ಮಗು ಅದನ್ನು ಅಣಕಿಸಿ ಕೂಗಿತು. ನಾನು ಲಾಜಾರ್ಸ್ಕಾ ಬೀದಿಯತ್ತ ನಡೆದೆ. ನಡುರಾತ್ರಿ ಮೆಟ್ರೊ ನಿಂತ ಮೇಲೆ ನಗರದ ರಾತ್ರಿ ಟ್ರ್ಯಾಮ್‌ಗಳೆಲ್ಲ ಬಂದು ಸಂಧಿಸುವುದು ಅಲ್ಲಿಯೇ.