ಕಾರು ಒರೆಸುವ ದೊಡ್ಡ ಟವಲ್: ಕಾರವಾರದಲ್ಲಿ ಮೂರು ವರ್ಷ ಬಳಸಿದ ಮೇಲೆ

ನಮ್ಮ ಮನೆ ಕೋಡಿಬಾಗದಲ್ಲಿ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಕಾರು ತೊಳೆಯುವುದು ಮನೆಯ ಬಾವಿ ನೀರಿನಲ್ಲಿ, ಅದೂ ಗಡಸು ನೀರು. ಬಿಸಿಲಿಗೆ ತಾನಾಗಿ ಒಣಗಲಿ ಅಂತ ಬಿಟ್ಟರೆ ನೀರು ಆರಿ ಅದರಲ್ಲಿದ್ದ ಸುಣ್ಣದ ಅಂಶ ಬಣ್ಣದ ಮೇಲೆ ಉಳಿಯುತ್ತದೆ. ನಮ್ಮದು ಕಡು ನೀಲಿ ಕಾರು, ಬಾನೆಟ್ ತುಂಬ ಬಿಳಿ ಉಂಗುರಗಳು ಎದ್ದು ಕಾಣುತ್ತಿದ್ದವು.

ಮೊದಲು ಹಳೆ ಪಂಚೆಯಲ್ಲಿ ಒರೆಸುತ್ತಿದ್ದೆ. ಹಿಂಡಿ ಹಿಂಡಿ ಕೈ ಸೋಲುತ್ತಿತ್ತು. ಮೂರು ವರ್ಷದ ಹಿಂದೆ 800 ರೂಪಾಯಿ ಚಿಲ್ಲರೆ ಕೊಟ್ಟು ಮೈಕ್ರೋಫೈಬರ್ ಟವಲ್ ತರಿಸಿದೆ. 60 ಸೆಂಟಿಮೀಟರ್ ಅಗಲ, 90 ಉದ್ದ, ನೂಲು ತಿರುಚಿ ಕುಣಿಕೆ ಕುಣಿಕೆಯಾಗಿ ನೇಯ್ದದ್ದು. ಚದರ ಮೀಟರಿಗೆ 1200 ಗ್ರಾಂ ಅಂತ ಬರೆದಿತ್ತು. ಒಣಗಿದ್ದಾಗಲೇ ಅರ್ಧ ಕಿಲೋ ದಾಟುತ್ತದೆ.

ಉಜ್ಜುವ ಕೆಲಸವೇ ಇಲ್ಲ. ಟವಲನ್ನು ಬಾನೆಟ್ ಮೇಲೆ ಅಗಲಕ್ಕೆ ಹರಡಿ, ಎರಡು ಮೂಲೆ ಹಿಡಿದು ಮೆಲ್ಲಗೆ ನಮ್ಮ ಕಡೆ ಎಳೆದರೆ ಆಯಿತು. ಟವಲ್ ಸರಿದ ಹಿಂದೆಯೇ ಒಣಗಿದ ಬಣ್ಣ ಕಾಣುತ್ತದೆ. ಇಡೀ ಕಾರಿಗೆ ಒಂದೇ ಸಲ ಹಿಂಡಿದರೆ ಸಾಕು. ನೆಲಕ್ಕೆ ಬಿದ್ದರೆ ಮಾತ್ರ ತೊಳೆಯದೆ ಮತ್ತೆ ಮುಟ್ಟಿಸಬೇಡಿ. ಒಂದು ಮರಳಿನ ಕಣ ಸಾಕು, ಗೀರು ಬಿದ್ದ ಹಾಗೇ.

ಇಷ್ಟೆಲ್ಲ ಇದ್ದೂ ಎರಡನೇ ವರ್ಷ ಹಿಂದಿನ ಬಾಗಿಲ ಅಡಿಯಲ್ಲಿ ತುಕ್ಕು ಕಂಡಿತು. ಗ್ಯಾರೇಜಿನ ಹುಡುಗ ಬಗ್ಗಿ ನೋಡಿ, ‘ಅಕ್ಕಾ, ಮೇಲೆ ಪಳಪಳ ಮಾಡಿದ್ರೆ ಸಾಕಾಗೂದಿಲ್ಲ, ತೂತು ಕಟ್ಟಿದೆ ನೋಡಿ’ ಅಂದ. ಬಾಗಿಲ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಆತ ತೆಂಗಿನ ಗರಿಯ ಕಡ್ಡಿ ಹಾಕಿ ತಿರುವಿದ. ಮೊದಲು ಕೆಂಪು ಮಣ್ಣಿನ ಸಣ್ಣ ಬಿರಡೆ ಹೊರಬಂತು, ಹಿಂದೆಯೇ ಅರ್ಧ ಲೋಟ ನೀರು ಸುರಿಯಿತು. ತೊಳೆದು ಮೂರು ದಿನ ಆಗಿತ್ತು ಆಗ!

ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳ ಹಿಂದೆ ಹೋದರೆ ಅವುಗಳಿಂದ ಸೋರುವ ಉಪ್ಪುನೀರು ನೇರ ಕಾರಿನ ಅಡಿಗೇ ಸಿಡಿಯುತ್ತದೆ. ಅಲ್ಲಿಗೆ ಯಾವ ಟವಲೂ ಹೋಗುವುದಿಲ್ಲ. ಈಗ ಅಡಿಭಾಗಕ್ಕೆ ಚೆನ್ನಾಗಿ ನೀರು ಹೊಡೆಯುತ್ತೇನೆ. ಆಮೇಲೆ ನಾಲ್ಕೂ ಬಾಗಿಲು, ಡಿಕ್ಕಿ ತೆಗೆದಿಟ್ಟು, ಸಂದುಗಳನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಗಾಳಿಗೆ ಬಿಡುತ್ತೇನೆ. ಸೈಡ್ ಮಿರರ್ ಒಳಗೆ ನಿಂತ ನೀರಿಗೆ ಧೂಳು ಊದುವ ಸಣ್ಣ ಬ್ಲೋವರ್ ಒಳ್ಳೇದು.

ಟವಲ್ ಬಗ್ಗೆ ಒಂದು ಎಚ್ಚರಿಕೆ. ಒಮ್ಮೆ ಮನೆಯ ಬಟ್ಟೆ ಜೊತೆ ವಾಷಿಂಗ್ ಮಷೀನಿಗೆ ಹಾಕಿ, ಬಟ್ಟೆ ಮೆದುವಾಗುವ ಪರಿಮಳದ ದ್ರವವನ್ನೂ ಸುರಿದುಬಿಟ್ಟೆ. ಮರುದಿನ ಅದು ನೀರು ಹೀರಲೇ ಇಲ್ಲ, ಸುಮ್ನೆ ಅತ್ತಿಂದಿತ್ತ ತಳ್ಳಿತು. ಆ ದ್ರವ ನೂಲಿನ ಮೇಲೆ ಪದರದಂತೆ ಕೂರುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಲಿಕ್ವಿಡ್ ಸೋಪು ಹಾಕಿ ಎರಡು ಸಲ ಬೇರೆಯಾಗಿ ಒಗೆದ ಮೇಲೆ ಸರಿಯಾಯಿತು.

ನಿಜವಾದ ಕೊರತೆ ಮಳೆಗಾಲದಲ್ಲಿ. ಜುಲೈನಲ್ಲಿ ಇಷ್ಟು ದಪ್ಪದ ಟವಲ್ ಫ್ಯಾನಿನಡಿಯೂ ಎರಡು ದಿನ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಆ ತಿಂಗಳುಗಳಿಗೆ ಅಂತ ತೆಳುವಾದ ಇನ್ನೊಂದನ್ನು ಇಟ್ಟುಕೊಂಡಿದ್ದೇನೆ. ಅದು ಹೀರುವುದು ಕಡಿಮೆ, ಆದರೆ ಬೇಗ ಒಣಗುತ್ತದೆ. ಕಾರು ಹೊರಗೇ ನಿಲ್ಲಿಸುವವರು ಎರಡನ್ನೂ ಕೊಳ್ಳುವುದು ಒಳ್ಳೇದು.

ಒರೆಸಿ ಮುಗಿದ ಕೂಡಲೇ ನಾನು ಕಾರು ನಿಲ್ಲಿಸುವುದಿಲ್ಲ. ಸೇತುವೆ ದಾಟಿ ಸದಾಶಿವಗಡದವರೆಗೆ ಹೋಗಿ, ದಾರಿಯಲ್ಲಿ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ ಬರುತ್ತೇನೆ. ಬ್ರೇಕಿನ ಡಿಸ್ಕ್ ಬಿಸಿಯಾಗಿ ನೀರು ಆರುತ್ತದೆ. ಒದ್ದೆ ಇರುವಾಗಲೇ ನಿಲ್ಲಿಸಿದ ದಿನ, ಬೆಳಿಗ್ಗೆ ಡಿಸ್ಕ್ ಮೇಲೆ ಅರಿಶಿನ ಬಳಿದ ಹಾಗೆ ತುಕ್ಕು ಬಂದಿರುತ್ತದೆ.